ಒಂದೇ ವ್ಯಾನಿನಲ್ಲಿ ಇಬ್ಬರು

ಅಣ್ಣನನ್ನು ಆನೆ ತುಳಿದ ಸುದ್ದಿ ಬಂದಾಗ, ಕುರ್ಚಿಯಲ್ಲಿ ಕುಳಿತಿದ್ದ ಆ ಊರಿನ ಹುಡುಗನ ತಲೆಯ ಬಲಭಾಗದ ಕೂದಲನ್ನು ಮಾತ್ರ ಕತ್ತರಿಸಿ ಆಗಿತ್ತು. ಕುತ್ತಿಗೆಗೆ ಸುತ್ತಿದ್ದ ನೀಲಿ ಬಟ್ಟೆಯನ್ನೂ ಬಿಚ್ಚದೆ ಕುರ್ಚಿಯಿಂದ ಎದ್ದವನು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ತಳ್ಳಿಕೊಂಡು ಹೊರಗೆ ಓಡಿದ. ಕೂದಲು ಕತ್ತರಿಸಿಕೊಳ್ಳಲು ಸಾಲಿನಲ್ಲಿ ಕುಳಿತಿದ್ದ ಗಂಡಸರೆಲ್ಲ ಅವನ ಹಿಂದೆಯೇ ಓಡಿದರು. ಕತ್ತರಿ ಹಿಡಿದಿದ್ದ ಕೊರಿಯಾದ ಹೆಂಗಸು ನನ್ನ ಮುಖ ನೋಡಿದರು. ಊರಿನವರ ಮಾತನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳುವುದೇ ಅಲ್ಲಿ ನನ್ನ ಕೆಲಸ. ಹೇಳಿದೆ. ಅವರು ಕತ್ತರಿಯನ್ನು ಕುರ್ಚಿಯ ಮೇಲಿಟ್ಟು ಕೈ ತೊಳೆಯಲು ಹೋದರು.

ನಾನು ಕೊಳ್ಳೇಗಾಲದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನರ್ಸು. ಹುಟ್ಟಿದ್ದು ಯಳಂದೂರಿನ ಹತ್ತಿರದ ಹಳ್ಳಿಯಲ್ಲಿ, ವಿಭೂತಿ ಇಡುವ ಮನೆಯಲ್ಲಿ. ಚರ್ಚಿಗೂ ನನಗೂ ನಂಟಿರಲಿಲ್ಲ. ಆದರೆ ನಮ್ಮ ಡಾಕ್ಟರಿಗೆ ಕೌದಳ್ಳಿಯ ಆಚೆ, ಕಾಡಿನ ಅಂಚಿನ ಊರೊಂದರ ಪಾಸ್ಟರು ಹಳೆಯ ಗೆಳೆಯರು. ಕೊರಿಯಾದ ಒಂದು ಸಭೆಯ ಜನ ರಜೆ ಹಾಕಿಕೊಂಡು ಸೇವೆಗೆ ಬರುತ್ತಿದ್ದಾರೆ, ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಬರುವ ಒಬ್ಬರು ಬೇಕು ಎಂದು ಅವರು ಕೇಳಿದಾಗ ಡಾಕ್ಟರು ನನ್ನನ್ನು ಕಳಿಸಿದರು. ಕಳಿಸುವ ಮುಂಚೆ ಆ ತಂಡದವರ ಎದುರೇ ಒಂದು ಮಾತು ಖಚಿತ ಮಾಡಿಕೊಂಡರು: ಧರ್ಮದ ವಿಚಾರ ಎತ್ತುವಂತಿಲ್ಲ, ಪುಸ್ತಕ ಹಂಚುವಂತಿಲ್ಲ, ಔಷಧಿಯನ್ನು ತಾವೊಬ್ಬರೇ ಬರೆಯುವುದು. ತಂಡದ ಮುಖ್ಯಸ್ಥರು ತಲೆ ಬಗ್ಗಿಸಿ ಒಪ್ಪಿದರು. ಆ ಮಾತಿಗೆ ತಪ್ಪಲಿಲ್ಲ. ಬೆಳಗ್ಗೆ ಒಳಗೆ ಬಾಗಿಲು ಹಾಕಿಕೊಂಡು ಪ್ರಾರ್ಥಿಸುತ್ತಿದ್ದರು, ಆಮೇಲೆ ಎಲ್ಲರೂ ಒಂದೇ ಥರದ ಹಳದಿ ಟೀ ಶರ್ಟು ತೊಟ್ಟು ಚರ್ಚಿನ ಪಕ್ಕದ ಹಾಲಿಗೆ ಬಂದು ಕೆಲಸಕ್ಕೆ ಕೂರುತ್ತಿದ್ದರು. ಒಬ್ಬ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುತ್ತಿದ್ದ. ಇಬ್ಬರು ಹುಡುಗಿಯರು ಬಿ.ಪಿ. ನೋಡುತ್ತಿದ್ದರು. ಅರವತ್ತು ದಾಟಿದ ಈ ಹೆಂಗಸು ಕೂದಲು ಕತ್ತರಿಸುತ್ತಿದ್ದರು.

ಅವರು ಮೂಲತಃ ನರ್ಸೇ. ದೊಡ್ಡ ಆಸ್ಪತ್ರೆಯೊಂದರ ಅಪಘಾತದ ವಾರ್ಡಿನಲ್ಲಿ ದುಡಿದು ನಿವೃತ್ತರಾದವರು. ಇಂಥ ಪ್ರವಾಸಗಳಿಗಾಗಿಯೇ ಕೂದಲು ಕತ್ತರಿಸುವುದನ್ನು ಕಲಿತಿದ್ದರಂತೆ. 'ಬೇರೆ ದೇಶದಲ್ಲಿ ನನ್ನ ನರ್ಸಿಂಗ್ ಲೈಸೆನ್ಸ್ ನಡೆಯುವುದಿಲ್ಲ. ಕೂದಲಿಗೆ ಯಾರೂ ಲೈಸೆನ್ಸ್ ಕೇಳುವುದಿಲ್ಲ' ಎಂದು ನಕ್ಕಿದ್ದರು. ಮೊದಲ ದಿನ ಊರಿನ ಗಂಡಸರು ಬಾಗಿಲಲ್ಲೇ ನಿಂತು, 'ಎಂಗುಸ್ರ ಕೈಗೆ ತಲೆ ಕೊಡದೇನ್ಲಾ?' ಎಂದು ಒಬ್ಬರನ್ನೊಬ್ಬರು ಚುಡಾಯಿಸಿದರು. ಯಾರೋ ಒಬ್ಬ ಧೈರ್ಯ ಮಾಡಿ ಕುಳಿತು, ತಲೆ ತೊಳೆಸಿಕೊಂಡು, ಚೆಂದ ಮಾಡಿಸಿಕೊಂಡು ಹೋದ. ಮಾರನೆಯ ದಿನದಿಂದ ಸಾಲು.

ಆ ದಿನ ಬೆಳಗ್ಗೆಯಿಂದಲೇ ಊರಿನ ಮೂಡಣ ದಿಕ್ಕಿನಲ್ಲಿ ಪಟಾಕಿ ಸದ್ದು ಕೇಳುತ್ತಿತ್ತು. ಮುಸುಕಿನ ಜೋಳದ ಹೊಲಕ್ಕೆ ಬಂದ ಒಂಟಿ ಸಲಗ ಬೆಳಕು ಹರಿದರೂ ಕಾಡಿಗೆ ಮರಳಿರಲಿಲ್ಲ. ಅದನ್ನು ಅಟ್ಟಲು ಫಾರೆಸ್ಟ್ ವಾಚರ್ ಒಬ್ಬ ಬಂದಿದ್ದ, ಪಕ್ಕದ ಊರಿನವನು. ಅವನ ಜತೆ ಊರಿನ ಕೆಲವರು ಹೋಗಿದ್ದರು. ಆ ಕಡೆಯವರಿಗೆ ಇದೇನೂ ಹೊಸದಲ್ಲ. ಪಟಾಕಿ ಸಿಡಿಯುತ್ತಲೇ ಇತ್ತು, ಇಲ್ಲಿ ಕೂದಲು ಬೀಳುತ್ತಲೇ ಇತ್ತು.

ಗಂಡಸರು ಓಡಿದ ಮೇಲೆ ಉಳಿದದ್ದು ಕನ್ನಡಕಕ್ಕೆ ಬಂದಿದ್ದ ನಾಲ್ಕಾರು ಮುದುಕಿಯರು. ಹೊಲದ ಕಡೆಯಿಂದ ಓಡಿಬಂದ ಒಬ್ಬ ಹೆಂಗಸು ಏದುಸಿರಿನಲ್ಲೇ ನಡೆದದ್ದನ್ನು ಹೇಳಿದಳು. ವಾಚರ್ ಪಟಾಕಿ ಎಸೆದದ್ದು ಕಾಡಿನ ದಿಕ್ಕಿಗಂತೆ. ಆನೆ ಬೆದರಿ ಊರಿನ ದಿಕ್ಕಿಗೇ ತಿರುಗಿತಂತೆ. ಬೇಲಿಯ ಬಳಿ ನಿಂತಿದ್ದ ಅಣ್ಣನಿಗೆ ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲವಂತೆ. 'ಸೊಂಡ್ಲಲ್ಲಿ ಎಳ್ದು ಮಂಡಿ ಊರ್ಬುಡ್ತು ಕಣಕ್ಕ. ಆ ವಾಚ್ರು ನನ್ ಮಗನಿಂದ್ಲೇ ಆಗಿದ್ದು' ಎಂದಳು.

ಆ ಮಾತು ಅವಳ ಬಾಯಲ್ಲಿರುವಾಗಲೇ ಗಲಾಟೆ ನಮ್ಮತ್ತ ಬಂತು.

ವಾಚರ್ ಓಡಿ ಬರುತ್ತಿದ್ದ. ಖಾಕಿ ಅಂಗಿಯ ಒಂದು ತೋಳು ಹರಿದು ನೇತಾಡುತ್ತಿತ್ತು, ಕಾಲಿಗೆ ಚಪ್ಪಲಿಯಿರಲಿಲ್ಲ. ಅವನ ಹಿಂದೆ ಬೇಲಿಗೂಟ, ಕಲ್ಲು, ಕುಡುಗೋಲು ಹಿಡಿದ ಜನ. ಹಾಲಿನ ಎದುರಿನ ಬಯಲಿನಲ್ಲಿ ಒಂದು ಕಲ್ಲು ಅವನ ಹಿಂದಲೆಗೆ ಬಿತ್ತು. ಮುಗ್ಗರಿಸಿದ. ಮುಂದಿನದು ಒಂದೇ ಉಸಿರಿನಲ್ಲಿ ನಡೆದುಹೋಯಿತು. ಮೊದಲ ಏಟು ಬೆನ್ನಿಗೆ, ಎರಡನೆಯದು ಅವನು ಮುಖಕ್ಕೆ ಅಡ್ಡ ಹಿಡಿದ ಕೈಗೆ. ಮೊಣಕೈ ಕೆಳಗೆ ಕೈ ಮಡಚಬಾರದ ಕಡೆ ಮಡಚಿಕೊಂಡಿತು. ಬೆಳಗ್ಗೆಯಷ್ಟೇ ನನ್ನ ಹತ್ತಿರ ಮಂಡಿನೋವಿಗೆ ಮುಲಾಮು ಕೇಳಿದ್ದ ಯಜಮಾನರೊಬ್ಬರು ಅವನ ಮುಖಕ್ಕೆ ಹಿಮ್ಮಡಿಯಿಂದ ತುಳಿದರು. ಅದೇ ಮಂಡಿಯನ್ನು ಎತ್ತಿ, ಮತ್ತೆ ಮತ್ತೆ. ಅವರ ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ, ಹುಲ್ಲು ಬಡಿಯುವವರ ಹಾಗೆ ಶ್ರದ್ಧೆಯಿತ್ತು. ಒದ್ದೆ ಬಟ್ಟೆ ಒಗೆಯುವಾಗ ಕಲ್ಲಿನಿಂದ ಬರುವಂಥ ಸದ್ದು ಬರುತ್ತಿತ್ತು. ವಾಚರ್ ಕೂಗುತ್ತಿರಲಿಲ್ಲ. ಒಂದೇ ಕೈಯನ್ನು ಊರಿ ಹಾಲಿನ ಮೆಟ್ಟಿಲಿನತ್ತ ತೆವಳುತ್ತಿದ್ದ.

ನಾನು ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ನನ್ನ ಪಕ್ಕದಿಂದ ಹಳದಿ ಅಂಗಿಯೊಂದು ಇಳಿದುಹೋಯಿತು. ಆ ಹೆಂಗಸು ಬಗ್ಗಿ ವಾಚರನ ಬೆಲ್ಟು ಹಿಡಿದು ಎಳೆದರು. ಪರದೇಶದ ಮುದುಕಿಯ ಮೇಲೆ ಕೋಲು ಬೀಸಲು ಜನ ಒಂದು ಗಳಿಗೆ ಅನುಮಾನಿಸಿದರು. ಆ ಒಂದು ಗಳಿಗೆಯಲ್ಲಿ ನಾನೂ ಇಳಿದು ಅವನ ಕಂಕುಳಿಗೆ ಕೈ ಹಾಕಿದೆ. ಇಬ್ಬರೂ ಅವನನ್ನು ಮೆಟ್ಟಿಲ ಮೇಲೆ ಎಳೆದುಕೊಂಡೆವು. ಅವನ ಮುಖ ಮೆಟ್ಟಿಲ ಅಂಚಿಗೆ ಬಡಿಯಿತು, ಬೇರೆ ದಾರಿಯಿರಲಿಲ್ಲ. ನಮ್ಮ ವ್ಯಾನಿನ ಡ್ರೈವರ್ ಒಳಗಿನಿಂದ ಓಡಿಬಂದು ಕಬ್ಬಿಣದ ಗ್ರಿಲ್ ಬಾಗಿಲನ್ನು ಎಳೆದು ಬೀಗ ಹಾಕಿದ.

ಆಮೇಲೆ ಕಲ್ಲು. ಕಿಟಕಿಯ ಗಾಜೆಲ್ಲ ಒಳಗೆ ಬಿತ್ತು. ಬಿ.ಪಿ. ನೋಡುತ್ತಿದ್ದ ಹುಡುಗಿಯೊಬ್ಬಳ ಹಣೆ ಒಡೆಯಿತು. ಪಾಸ್ಟರು ಹನೂರಿಗೆ ಹೋಗಿದ್ದರು, ನಮ್ಮ ಡಾಕ್ಟರು ಅಂದು ಬಂದಿರಲಿಲ್ಲ. ಡ್ರೈವರ್ ಪೊಲೀಸಿಗೂ ಆಂಬುಲೆನ್ಸಿಗೂ ಫೋನು ಮಾಡಿದ. ಎರಡೂ ಬರಲು ಹೊತ್ತಾಗುತ್ತದೆ ಎಂದು ನಮಗೆಲ್ಲ ಗೊತ್ತಿತ್ತು. ತಂಡದ ಮುಖ್ಯಸ್ಥರು ತಮ್ಮವರನ್ನು ಹಿಂದಿನ ಕೋಣೆಗೆ ಸೇರಿಸಿ, ಹಿತ್ತಲ ಬಾಗಿಲಿನಿಂದ ವ್ಯಾನು ಹತ್ತಿ ಹೊರಟುಬಿಡೋಣ ಎಂದರು. ನನಗೂ ಅದೇ ಸರಿಯೆನಿಸಿತ್ತು. ಆ ಹೆಂಗಸು ಅವರ ಕಡೆ ತಿರುಗಲೂ ಇಲ್ಲ. ವಾಚರನ ಪಕ್ಕ ಮಂಡಿಯೂರಿ ಬಾಯಲ್ಲಿದ್ದ ರಕ್ತವನ್ನೂ ಮುರಿದ ಹಲ್ಲುಗಳನ್ನೂ ಬೆರಳಿನಿಂದ ತೆಗೆಯುತ್ತಿದ್ದರು. ಅವನ ಎಡಗಣ್ಣು ಇದ್ದ ಜಾಗದಲ್ಲಿ ಏನಿದೆಯೆಂದು ನಾನು ನೋಡಿದೆ, ಮತ್ತೆ ನೋಡಲಿಲ್ಲ. ಹತ್ತಿ ಬಟ್ಟೆಯಿಟ್ಟು ಪಟ್ಟಿ ಸುತ್ತಿದೆ. 'ನೀರು' ಎಂದ ಅವನು. ಕೊಡಬೇಡ ಎಂದು ಅವರು ಸನ್ನೆ ಮಾಡಿದರು.

ಆನೆ ತುಳಿದವನ ತಮ್ಮ ಬಂದ. ಅರ್ಧ ಕತ್ತರಿಸಿದ ತಲೆ, ನೀಲಿ ಬಟ್ಟೆ ಎಲ್ಲೋ ಬಿದ್ದುಹೋಗಿತ್ತು, ಕೈಯಲ್ಲಿ ಮಚ್ಚು. ಜನ ಅವನಿಗೆ ದಾರಿ ಬಿಟ್ಟು ಸುಮ್ಮನಾದರು. ಅವನು ಗ್ರಿಲ್ಲಿಗೆ ಮಚ್ಚಿನಿಂದ ಹೊಡೆದ. ಕಿಡಿ ಹಾರಿತು. ಒಳಗೆ ಹುಡುಗಿಯರು ಚೀರಿದರು.

'ಅಕ್ಕ, ಬಾಗ್ಲು ತಗಿ' ಎಂದ ನನಗೆ.

'ತಗಿಯಲ್ಲ.'

'ನಿನ್ನ ಕಂಡ್ರೆ ನಂಗೇನ್ ದ್ವೇಸ ಇಲ್ಲ. ಅವ್ನ ಈಚೆಗೆ ಬುಟ್ಬುಡು. ಈ ಪರದೇಸದೋರು ನಾಳಿಕೆ ಓಯ್ತರೆ. ನೀನು ಇಲ್ಲೇ ಬಾಳ್ಬೇಕು, ನೆಪ್ಪಿರ್ಲಿ.'

ಅವನು ಹೆದರಿಸುವ ದನಿಯಲ್ಲಿ ಹೇಳಲಿಲ್ಲ. ನಿಜ ಹೇಳಿದ, ಅಷ್ಟೇ. ಆ ಹೆಂಗಸು ಅವನು ಏನೆಂದನೆಂದು ಕೇಳಿದರು. ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಎದ್ದು ಗ್ರಿಲ್ಲಿನ ಹತ್ತಿರ ಬಂದರು. 'ಅವನ ಅಣ್ಣ ಸತ್ತದ್ದನ್ನು ಯಾರು ನೋಡಿದ್ದಾರೆ, ಕೇಳು' ಎಂದರು.

ಕೇಳಿದೆ.

'ಆನೆ ತುಳುದ್ರೆ ಬದುಕ್ತರಾ?' ಎಂದ.

'ನಾಡಿ ನೋಡುದ್ರಾ ಅಂತ ಕೇಳ್ತಾವ್ರೆ. ಉಸ್ರು ಅದಾ ಇಲ್ವಾ ಅಂತ ಯಾರಾರ ನೋಡುದ್ರಾ?'

ಅವನು ಹಿಂದಿನವರತ್ತ ತಿರುಗಿದ. ಅವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ವಾಚರನ ಬೆನ್ನು ಹತ್ತಿದ್ದರು.

'ಈಗ ಅವ್ನತ್ರ ಯಾರವ್ರೆ?' ಎಂದೆ.

'ಅವ್ವ ಅವ್ಳೆ.'

'ಒಬ್ಳೆಯಾ?'

ಮಚ್ಚು ಹಿಡಿದ ಅವನ ಕೈ ಕೆಳಗಿಳಿಯಿತು. ನಾನು ಹೇಳುವ ಮೊದಲೇ ಆ ಹೆಂಗಸಿಗೆ ಅರ್ಥವಾಗಿತ್ತು, ಚೀಲ ಎತ್ತಿಕೊಂಡಿದ್ದರು. ಮುಖ್ಯಸ್ಥರು ಅವರ ತೋಳು ಹಿಡಿದು ತಮ್ಮ ಭಾಷೆಯಲ್ಲಿ ಜೋರಾಗಿ ಏನೋ ಅಂದರು. ಅವರು ಆ ಕೈಗೆ ಫಟ್ಟನೆ ಹೊಡೆದು ಬಿಡಿಸಿಕೊಂಡರು. ಡ್ರೈವರ್ ನನ್ನತ್ತ ನೋಡಿದ. ಬೀಗ ತೆಗೆ, ನಾವು ದಾಟಿದ ಕೂಡಲೇ ಮತ್ತೆ ಹಾಕು ಎಂದೆ. ತಮ್ಮನ ಹಿಂದೆ ಇಬ್ಬರೂ ಹೊಲದತ್ತ ಓಡಿದೆವು.

ಜೋಳದ ಹೊಲ ಉಳುಮೆ ಮಾಡಿದ ಹಾಗೆ ಆಗಿತ್ತು. ಬೇಲಿಯ ಪಕ್ಕ ಮುದುಕಿಯೊಬ್ಬಳು ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಅಳುತ್ತಿರಲಿಲ್ಲ. ಅವನ ಎದೆಯ ಒಂದು ಪಕ್ಕ ಒಳಗೆ ಕುಸಿದಿತ್ತು, ಒಂದು ಕಾಲು ಹಿಂದುಮುಂದಾಗಿ ಮಲಗಿತ್ತು. ಮೂಗಿನಲ್ಲಿ ರಕ್ತದ ಗುಳ್ಳೆ ಎದ್ದು ಒಡೆಯುತ್ತಿತ್ತು, ಮತ್ತೆ ಏಳುತ್ತಿತ್ತು. ಆ ಹೆಂಗಸು ಕುತ್ತಿಗೆಗೆ ಬೆರಳಿಟ್ಟರು. ನಾನು ಮಣಿಕಟ್ಟು ಹಿಡಿದೆ. ನಾಡಿಯಿತ್ತು.

'ಅವ್ನೆ' ಎಂದೆ. 'ಬದುಕವ್ನೆ.'

ತಮ್ಮ ಕುಕ್ಕರಿಸಿದ. ಎರಡು ಕೈಯಿಂದಲೂ ತನ್ನ ಮುಖಕ್ಕೆ ತಾನೇ ಹೊಡೆದುಕೊಳ್ಳತೊಡಗಿದ. ಮೂಗಿನಿಂದ ರಕ್ತ ಬರುವವರೆಗೂ ಹೊಡೆದುಕೊಂಡ. ಯಾರೂ ತಡೆಯಲಿಲ್ಲ. ಜೋಳ ಒಣಗಿಸುವ ಟಾರ್ಪಾಲು ತಂದು ಅದರ ಮೇಲೆ ಅಣ್ಣನನ್ನು ಎತ್ತಿಕೊಂಡರು.

ಹಾಲಿನ ಮುಂದೆ ಮತ್ತೆ ಜಗಳ. ವ್ಯಾನು ಒಂದೇ. 'ಕರೆದೊಯ್ದರೆ ಇಬ್ಬರನ್ನೂ. ಇಲ್ಲವಾದರೆ ಈ ವ್ಯಾನು ಕದಲುವುದಿಲ್ಲ' ಎಂದರು ಆ ಹೆಂಗಸು. ಆ ಮಾತನ್ನು ಕನ್ನಡದಲ್ಲಿ ಹೇಳಿದೆ. ಸಾಯುತ್ತಿರುವ ಮಗನ ತಾಯಿಯ ಎದುರಿಗೆ ಹೇಳುವ ಮಾತೇ ಅದು? ಯಾರೋ 'ಆ ನನ್ ಮಗ ಇಲ್ಲೇ ಸಾಯ್ಲಿ' ಎಂದರು. ಇನ್ನೊಬ್ಬರು ವ್ಯಾನಿನ ಗಾಜಿಗೆ ಕಲ್ಲೆಸೆದರು. ಕೊನೆಗೆ ಮುದುಕಿಯೇ ಕಿರುಚಿದಳು: 'ಯಾವನ್ನಾರ ತಕಂಡೋಗ್ರಪ್ಪಾ. ನನ್ ಮಗನ್ನ ಬ್ಯಾಗ ಎತ್ರಿ.' ಜನ ಸರಿದರು.

ಮುದುಕಿಗೆ ವ್ಯಾನಿನಲ್ಲಿ ಜಾಗವಾಗಲಿಲ್ಲ. ಅಣ್ಣನನ್ನು ಉದ್ದದ ಸೀಟಿನ ಮೇಲೆ ಮಲಗಿಸಿದೆವು, ವಾಚರನನ್ನು ಕೆಳಗೆ, ಸೀಟುಗಳ ನಡುವೆ. ತಮ್ಮನ ಮಚ್ಚನ್ನು ಅವನ ಚಿಕ್ಕಪ್ಪನ ಕೈಗೆ ಕೊಡಿಸಿ ಅವನನ್ನು ಹತ್ತಿಸಿಕೊಂಡೆ. ಮುಖ್ಯಸ್ಥರೂ ಉಳಿದವರೂ ಹಾಲಿನಲ್ಲೇ ಉಳಿದರು. ಬಾಗಿಲ ಬಳಿ ಮುಖ್ಯಸ್ಥರು ತಮ್ಮ ಅಂಗಿಯನ್ನು ಬಿಚ್ಚಿ ಕೊಟ್ಟು, ರಕ್ತಕ್ಕೆ ಒತ್ತಲು ಬೇಕಾಗಬಹುದು ಎಂದರು.

ಕೌದಳ್ಳಿ ದಾಟಿದೆವು. ರಸ್ತೆಯ ಪ್ರತಿ ಉಬ್ಬಿಗೂ ಇಬ್ಬರೂ ನರಳುತ್ತಿದ್ದರು, ಒಬ್ಬ ಮೇಲೆ, ಒಬ್ಬ ಕೆಳಗೆ. ತಮ್ಮನು ಅಣ್ಣನ ಕೈಯನ್ನು ತನ್ನ ಎದೆಗೆ ಒತ್ತಿಕೊಂಡು, 'ಬಂದೋ ಕಣಣ್ಣ, ಅನೂರು ಬಂತು, ಬಂತು' ಎನ್ನುತ್ತಿದ್ದ. ಹನೂರು ಇನ್ನೂ ದೂರವಿತ್ತು. ಅಣ್ಣನ ಉಸಿರು ಒಮ್ಮೆ ನಿಂತು, ಒಮ್ಮೆ ಬಂದು, ಮತ್ತೆ ಬರಲಿಲ್ಲ. ಆ ಹೆಂಗಸು ಎದೆ ಒತ್ತಲು ಕೈಯಿಟ್ಟರು, ಒತ್ತಲು ಅಲ್ಲಿ ಗಟ್ಟಿಯಾದದ್ದು ಏನೂ ಇರಲಿಲ್ಲ. ನನ್ನತ್ತ ನೋಡಿದರು. ಹೇಳಬೇಕಾದವಳು ನಾನು. ಹೇಳುವ ಮುಂಚೆಯೇ ಅವನಿಗೆ ತಿಳಿಯಿತು.

ಅವನು ಅಳಲಿಲ್ಲ. ಅಣ್ಣನ ಕೈಯನ್ನು ಮೆಲ್ಲಗೆ ಅವನ ಹೊಟ್ಟೆಯ ಮೇಲಿಟ್ಟ. ಆಮೇಲೆ ಬಗ್ಗಿ ಸೀಟಿನ ಕೆಳಗಿಂದ ಜಾಕಿಯ ಕಬ್ಬಿಣದ ಸರಳನ್ನು ಎಳೆದ. ಅದು ಅಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮೊದಲ ಏಟು ವಾಚರನ ತೊಡೆಗೆ ಬಿತ್ತು. ಎರಡನೆಯದನ್ನು ಅವನು ತಲೆಗೇ ಎತ್ತಿದ. ಆ ಹೆಂಗಸು ವಾಚರನ ಮೇಲೆ ಬಿದ್ದು ಬಲಗೈ ಅಡ್ಡ ಕೊಟ್ಟರು. ಒಣಗಿದ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಅವರ ಬಾಯಿಂದ ಒಂದು ಸಣ್ಣ ಉಸಿರು ಮಾತ್ರ ಹೊರಬಂತು. ಅವನು ಸರಳನ್ನು ಮತ್ತೆ ಎತ್ತಿದ. ನಾನು ಹಿಂದಿನಿಂದ ಅವನ ತಲೆಯ ಎಡಭಾಗದ ಉದ್ದ ಕೂದಲನ್ನು ಮುಷ್ಟಿ ತುಂಬ ಹಿಡಿದು ಎಳೆದೆ. ಬಲಭಾಗವಾಗಿದ್ದರೆ ಹಿಡಿತ ಸಿಗುತ್ತಿರಲಿಲ್ಲ. ಅವನ ತಲೆ ಹಿಂದಕ್ಕೆ ಬಂತು, ಕಿಟಕಿಯ ಕಂಬಿಗೆ ಬಡಿದೆ. ಅವನ ಮೊಣಕೈ ನನ್ನ ಬಾಯಿಗೆ ಬಿತ್ತು, ನಾಲಿಗೆಯಲ್ಲಿ ಉಪ್ಪು. ಮತ್ತೆ ಬಡಿದೆ. ನಾನು ಆಡಿದ ಮಾತು ಈಗ ಬರೆಯುವಂಥದ್ದಲ್ಲ. ನನ್ನ ಜೀವಮಾನದಲ್ಲಿ ಅಲ್ಲಿಯವರೆಗೆ ಯಾರ ಮೇಲೂ ಕೈ ಮಾಡಿದವಳಲ್ಲ ನಾನು. ಹೊಡೆಯುತ್ತಿದ್ದಾಗ ಭಯ ಅನ್ನುವುದು ಇರಲೇ ಇಲ್ಲ. ಬಯಲಿನಲ್ಲಿ ತುಳಿಯುತ್ತಿದ್ದ ಆ ಯಜಮಾನರ ಮುಖದಲ್ಲಿ ಕಂಡ ಶ್ರದ್ಧೆ ಆಗ ನನ್ನ ಮುಖದಲ್ಲೂ ಇದ್ದಿರಬೇಕು.

ಡ್ರೈವರ್ ವ್ಯಾನು ನಿಲ್ಲಿಸಿ ಬಾಗಿಲು ಎಳೆದು ಅವನ ಕೈಯಿಂದ ಸರಳನ್ನು ಕಿತ್ತು ಹೊಲಕ್ಕೆ ಎಸೆದ. 'ಏನ್ಲಾ ಮಾಡ್ತಿದ್ದೀಯ ಎಣದ್ ಮುಂದೆ?' ಎಂದ. ಆ ಒಂದು ಮಾತಿಗೆ ಅವನು ಸೋತುಹೋದ. ಸೀಟಿನಿಂದ ಜಾರಿ ಅಣ್ಣನ ಪಾದಗಳ ಮೇಲೆ ತಲೆಯಿಟ್ಟು ಕುಳಿತ. ಹನೂರು ಬರುವವರೆಗೂ ಹಾಗೇ ಇದ್ದ. ವಾಚರನ ಕಾಲು ಅವನ ತೊಡೆಗೆ ತಾಗಿಕೊಂಡೇ ಇತ್ತು. ಅವನು ಸರಿಸಲಿಲ್ಲ, ವಾಚರನಿಗೆ ಸರಿಸುವ ಶಕ್ತಿಯಿರಲಿಲ್ಲ. ಆ ಹೆಂಗಸು ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯಿಂದ ವಾಚರನ ಗದ್ದ ಎತ್ತಿ ಹಿಡಿದು ಉಸಿರಿನ ದಾರಿ ಕಾಯುತ್ತಿದ್ದರು.

ಹನೂರಿನ ಆಸ್ಪತ್ರೆಯಲ್ಲಿ ವಾಚರನನ್ನು ಇಳಿಸಿಕೊಂಡು, ಅಲ್ಲಿಂದ ಮೈಸೂರಿಗೆ ಕಳಿಸಿದರು. ಪೊಲೀಸರು ಬಂದರು. ಕೈಗೆ ಪಟ್ಟಿ ಸುತ್ತಿಸಿಕೊಳ್ಳುತ್ತಲೇ ಆ ಹೆಂಗಸು ಹೇಳಿಕೆ ಕೊಟ್ಟರು, ಅದನ್ನೂ ನಾನೇ ಕನ್ನಡ ಮಾಡಿದೆ. 'ಕೈ ಹೇಗೆ ಮುರಿಯಿತು, ಬಿದ್ದಿರಾ?' ಎಂದು ಇನ್ಸ್‌ಪೆಕ್ಟರ್ ಕೇಳಿದರು. ಬಿದ್ದೆ ಎಂದುಬಿಡುತ್ತಾರೆ, ಕ್ಷಮಿಸುವುದು ಇವರ ಧರ್ಮ ಅಲ್ಲವೇ ಎಂದುಕೊಂಡೆ. 'ಬಿದ್ದಿಲ್ಲ. ಅವನು ಹೊಡೆದ. ಹೊಡೆದ ಎಂದೇ ಬರೆಯಿರಿ' ಎಂದರು. ಅದನ್ನು ಬರೆದುಕೊಂಡ ಮೇಲೆ, 'ಅವನ ಅಣ್ಣ ಆಗತಾನೇ ಸತ್ತಿದ್ದ. ಅದನ್ನೂ ಬರೆಯಿರಿ' ಎಂದರು. ಅವರು ಪ್ರಾರ್ಥನೆ ಮಾಡಿದ್ದನ್ನು ಆ ದಿನ ನಾನು ಕಾಣಲಿಲ್ಲ. ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತಾಗ ನನ್ನ ಒಡೆದ ತುಟಿಯನ್ನು ಹತ್ತಿಯಿಂದ ಒರೆಸಿದರು. 'ನೀನು ಅವನನ್ನು ನಿಲ್ಲಿಸಿದೆ. ಆದರೆ ಆಮೇಲೂ ಹೊಡೆಯುತ್ತಿದ್ದೆ' ಎಂದರು. ಬೈದದ್ದಲ್ಲ. ಹೌದು ಎಂದೆ.

ಮರುದಿನವೇ ತಂಡದವರನ್ನು ಬೆಂಗಳೂರಿಗೆ ಕಳಿಸಿದರು. ವೀಸಾ, ಅನುಮತಿ ಎಂದೆಲ್ಲ ವಿಚಾರಣೆ ನಡೆದು, ತಪ್ಪೇನೂ ಕಾಣದೆ ಅವರು ತಮ್ಮ ದೇಶಕ್ಕೆ ಮರಳಿದರು. ಇಲ್ಲಿ ಉಳಿದದ್ದು ನಾವು. 'ಚರ್ಚಿನೋರು ವಾಚ್ರನ್ನ ಬಚ್ಚಿಟ್ರು' ಎಂಬ ಮಾತು ಹಬ್ಬಿತು. ಪಾಸ್ಟರು ಹಾಲಿಗೆ ಬಹಳ ದಿನ ಬೀಗ ಹಾಕಿಕೊಂಡಿದ್ದರು. ಆ ಊರಿನವರು ನಮ್ಮ ನರ್ಸಿಂಗ್ ಹೋಮಿಗೆ ಬರುವುದನ್ನು ಬಿಟ್ಟರು. ಹನೂರಿನ ಸಂತೆಯಲ್ಲಿ ಪರಿಚಯದ ಮುಖಗಳು ನನ್ನನ್ನು ಕಂಡು ಬೇರೆ ಅಂಗಡಿಗೆ ತಿರುಗುತ್ತಿದ್ದವು. ಕೇಸು ಕೊಳ್ಳೇಗಾಲದ ಕೋರ್ಟಿಗೆ ಬಂತು. ನಾನು ಸಾಕ್ಷಿ ಹೇಳಿದೆ, ವ್ಯಾನಿನಲ್ಲಿ ನಾನು ಮಾಡಿದ್ದನ್ನೂ ಸೇರಿಸಿ. ಕಟಕಟೆಯಲ್ಲಿದ್ದ ತಮ್ಮನು ತಲೆ ಎತ್ತಲಿಲ್ಲ. ಅವನು ಈಗ ಜಾಮೀನಿನ ಮೇಲೆ ಹೊರಗಿದ್ದಾನೆ, ಕೇಸು ಮುಗಿದಿಲ್ಲ. ವಾಚರನಿಗೆ ಒಂದು ಕಣ್ಣು ಹೋಯಿತು. ಕಾಡಿನ ಕೆಲಸ ಬಿಟ್ಟು ಅವನು ತನ್ನೂರಿನಲ್ಲಿ ಹಸು ಸಾಕಿಕೊಂಡಿದ್ದಾನೆ. ಆ ಹೆಂಗಸಿನ ಕೈ ಸೊಟ್ಟಗೆ ಕೂಡಿತಂತೆ, ಕತ್ತರಿ ಹಿಡಿಯಲು ಬರುವುದಿಲ್ಲವಂತೆ. ಅದರ ಮುಂದಿನ ವರ್ಷ ಇನ್ನೊಂದು ದೇಶಕ್ಕೆ ಹೋಗಿ ಅಡುಗೆ ಮನೆಯಲ್ಲಿ ಪಾತ್ರೆ ತೊಳೆದೆ ಎಂದು ಫೋನಿನಲ್ಲಿ ಹೇಳಿದರು.

ಈ ಬೇಸಿಗೆಯಲ್ಲಿ ಆ ಅಣ್ಣತಮ್ಮಂದಿರ ತಾಯಿ, ಆ ಮುದುಕಿ, ನಮ್ಮಲ್ಲಿಗೆ ಬಂದಳು. ಜತೆಗೆ ಯಾರೂ ಇರಲಿಲ್ಲ. ತಲೆ ಸುತ್ತುತ್ತದೆ ಎಂದಳು. ನನ್ನ ಗುರುತು ಹತ್ತಿತೋ ಇಲ್ಲವೋ ತಿಳಿಯದೆ ನಾನು ಸುಮ್ಮನೆ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದೆ. ಪಟ್ಟಿಯ ಗಾಳಿ ಇಳಿಯಿತು. ಆಮೇಲೆ ಗೋಡೆ ನೋಡಿಕೊಂಡು ಹೇಳಿದಳು.

'ದೊಡ್ಡೋನು ನೀರು ಕೇಳ್ದ ಕಣವ್ವ. ಅವ್ರೆಲ್ಲ ಅತ್ಲಾಗ್ ಓಡುದ್ರಲ್ಲ, ಆಗ. ಎರಡ್ ಸಲ ಕೇಳ್ದ. ತಲೆ ಕೆಳಗಿಟ್ಟು ಓಗಕ್ಕೆ ನಂಗೆ ದೈರ್ಯ ಬರ್ನಿಲ್ಲ. ತಂದ್ಕೊಡಕ್ಕೆ ಒಬ್ರೂ ಇರ್ನಿಲ್ಲ.'

ಕೊಟ್ಟಿದ್ದರೂ ಬದುಕುತ್ತಿರಲಿಲ್ಲ, ಅಂಥ ಸ್ಥಿತಿಯಲ್ಲಿ ನೀರು ಕೊಡಲೇಬಾರದು ಎಂದು ನರ್ಸಾಗಿ ಹೇಳಬಹುದಿತ್ತು. ಹೇಳಲಿಲ್ಲ. ಅವಳ ತೋಳಿನಿಂದ ಪಟ್ಟಿ ಬಿಚ್ಚಿದೆ. ಡಾಕ್ಟರು ಬರೆದ ಮಾತ್ರೆಗಳನ್ನು ಬೆಳಗಿನದು, ಸಂಜೆಯದು ಎಂದು ಬೇರೆ ಬೇರೆ ಕಟ್ಟಿ, ಸೆರಗಿನ ತುದಿಗೆ ಗಂಟು ಹಾಕಿಕೊಟ್ಟೆ. ಬಸ್ ಸ್ಟ್ಯಾಂಡಿನವರೆಗೂ ಜತೆಗೆ ಹೋದೆ. ಬಸ್ಸು ತುಂಬಿತ್ತು. ಕಂಡಕ್ಟರಿಗೆ ಹೇಳಿ ಮುಂದಿನ ಸೀಟು ಬಿಡಿಸಿ ಕೂರಿಸಿ ಇಳಿದೆ.